ಆಟ ಮುಗಿಸುವವರು ಯಾರು?

ನಮ್ಮಲ್ಲಿ ಹಲವರು ಖರಾಡಿಗೆ ಬಂದು ನೆಲೆಸಿ ಹದಿನೈದು ವರ್ಷಗಳ ಮೇಲಾಯಿತು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿಯಲ್ಲಿ ರಾತ್ರಿ ಬಸ್ಸು ಹತ್ತಿ, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹಿಡಿದು ಬೆಳಗಿನ ಜಾವ ಪುಣೆಯಲ್ಲಿ ಇಳಿದವರು ನಾವು. 1997ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿಸಿದ ಹಳ್ಳಿಗಳಲ್ಲಿ ಖರಾಡಿಯೂ ಒಂದು. ಆದರೆ ಕಾಗದದಲ್ಲಿ ನಗರವಾದ ಮೇಲೂ ಎಷ್ಟೋ ವರ್ಷ ಊರಿನ ಮೈಕಟ್ಟು ಹಳ್ಳಿಯದೇ ಆಗಿತ್ತು. ನಗರ ರಸ್ತೆಯಿಂದ ಒಳಕ್ಕೆ ಹೊರಳಿದರೆ ಅಲ್ಲೊಂದು ಇಲ್ಲೊಂದು ಹೊಲ, ಬಯಲು, ಎಮ್ಮೆಗಳು. ತುಸು ದೂರದಲ್ಲಿ ಮುಳಾ-ಮುಠಾ ನದಿ. ಝೆನ್ಸಾರ್ ಬಂತು, ಇಯಾನ್ ಐಟಿ ಪಾರ್ಕ್ ಎದ್ದಿತು, ವರ್ಲ್ಡ್ ಟ್ರೇಡ್ ಸೆಂಟರಿನ ಗೋಪುರಗಳು ಬಂದವು. ಅವುಗಳ ಸುತ್ತ ಹನ್ನೆರಡು, ಇಪ್ಪತ್ತು ಅಂತಸ್ತಿನ ವಸತಿ ಸಮುಚ್ಚಯಗಳು ಮೊಳೆತವು. ಫ್ಲಾಟ್ ಬುಕ್ ಮಾಡುವಾಗ ಕೈಗಿತ್ತ ಬಣ್ಣದ ಪುಸ್ತಿಕೆ ನಮ್ಮಲ್ಲಿ ಅನೇಕರ ಕಪಾಟಿನಲ್ಲಿ ಇವತ್ತಿಗೂ ಇದೆ. ಅದರ ನಡುಪುಟದಲ್ಲಿ ಹಸಿರು ಹುಲ್ಲಿನ ಮೇಲೆ ಮಕ್ಕಳು ಚೆಂಡಿನ ಹಿಂದೆ ಓಡುತ್ತಿರುವ ಚಿತ್ರವಿತ್ತು. ಇಪ್ಪತ್ತು ವರ್ಷಗಳ ಸಾಲಕ್ಕೆ ಸಹಿ ಹಾಕುವಾಗ ನಾವು ಕೊಂಡದ್ದು ಮೂರು ಕೋಣೆಗಳ ಜೊತೆಗೆ ಆ ಚಿತ್ರವನ್ನೂ. ಆ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳಿಕೊಳ್ಳುವ ಹೊತ್ತು ಬಂದಿದೆ. ಒಳಕೋಣೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದಾರೆ ಎಂಬುದು ಪ್ರತಿ ಮನೆಗೂ ಗೊತ್ತಿರುವ ಉತ್ತರ. ಅವರ ಆಟದ ಹೊತ್ತಿಗೆ ತಂದೆತಾಯಿ ಮಿತಿ ಹಾಕಬೇಕೇ ಎಂಬ ಪ್ರಶ್ನೆ ಇಂದು ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಿಂದ ಗಣೇಶೋತ್ಸವದ ಪೆಂಡಾಲಿನವರೆಗೆ ಎಲ್ಲೆಡೆ ಏಳುತ್ತಿದೆ. ಉತ್ತರ ಹೇಳುವ ಮೊದಲು ಬಂದ ದಾರಿಯನ್ನೊಮ್ಮೆ ನೋಡುವುದು ಒಳ್ಳೆಯದು.

ಒಳಗೆ ಕೂತು ಆಡುವುದು ನಮಗೆ ಹೊಸದಲ್ಲ. ಪಗಡೆ, ಚೌಕಾಬಾರ, ಅಳಗುಳಿಮಣೆ, ಇವೆಲ್ಲ ಒಳಾಂಗಣದ ಆಟಗಳೇ. ಪುಣೆಯ ಉಡುಪಿ ಹೋಟೆಲುಗಳನ್ನು ಕಟ್ಟಿ ಬೆಳೆಸಿದ ತುಳುವ ಬಂಧುಗಳನ್ನು ಕೇಳಿದರೆ ಚೆನ್ನೆಮಣೆಯ ವಿಷಯ ಹೇಳುತ್ತಾರೆ. ಅದು ಆಟಿ ತಿಂಗಳ ಆಟ. ಹೊರಗೆ ಜಡಿಮಳೆ, ಗದ್ದೆಯ ಕೆಲಸ ಮುಗಿದಿರುತ್ತದೆ, ಹೋಗಲು ದಾರಿಯಿಲ್ಲ. ಆಗ ಅಟ್ಟದಿಂದ ಮಣೆ ಇಳಿಯುತ್ತದೆ. ತಿಂಗಳು ಕಳೆದರೆ ಮಣೆ ಮತ್ತೆ ಅಟ್ಟಕ್ಕೆ. ಆಟದ ಸೆಳೆತ ಎಷ್ಟು ಬಲವಾದದ್ದೆಂಬ ಅರಿವು ಹಿರಿಯರಿಗೆ ಇಲ್ಲದಿರಲಿಲ್ಲ. ತುಳುವರ ಹಾಡುಕಥೆಯಾದ ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ-ದಾರಗರು ಚೆನ್ನೆಯಾಟದಲ್ಲೇ ಜಗಳಕ್ಕೆ ಬಿದ್ದು ಪ್ರಾಣ ಕಳೆದುಕೊಂಡರು. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ಕಟ್ಟಳೆ ಆ ಕಥೆಯ ಬೆನ್ನಿಗೇ ಉಳಿದುಬಂದಿದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಆಟಕ್ಕೆ ಮಿತಿ ಇತ್ತು, ಆದರೆ ಅದನ್ನು ದಿನಾ ಸಂಜೆ ಜಗಳವಾಡಿ ಹೇರುವ ಕೆಲಸ ತಾಯಿಗೆ ಇರಲಿಲ್ಲ. ಮಳೆ, ಪಂಚಾಂಗ, ಗದ್ದೆ ಸೇರಿ ಆ ಕೆಲಸ ಮಾಡಿ ಮುಗಿಸುತ್ತಿದ್ದವು.

ನಮ್ಮ ತಲೆಮಾರಿನ ವಿಡಿಯೋ ಗೇಮಿಗೂ ಅಂಥ ಎಲ್ಲೆಗಳಿದ್ದವು. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆಯೆಂದರೆ ಓಣಿಯಲ್ಲಿ ಯಾರದೋ ಮನೆಗೆ ಒಂದು ಆಟದ ಪೆಟ್ಟಿಗೆ ಬರುತ್ತಿತ್ತು. 9999 ಆಟಗಳೆಂದು ಹೊದಿಕೆಯ ಮೇಲೆ ಬರೆದ ಹಳದಿ ಕ್ಯಾಸೆಟ್ ಹಾಕಿದರೆ ಒಳಗೆ ಇರುತ್ತಿದ್ದುದು ಹತ್ತಾರು ಆಟ ಮಾತ್ರ. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಬಂದೂಕು. ಎರಡು ರಿಮೋಟು, ಎಂಟು ಹುಡುಗರು. ಒಂದು ಜೀವ ಹೋದರೆ ರಿಮೋಟು ಪಕ್ಕದವನಿಗೆ. ಕ್ಯಾಸೆಟ್ ಬಾಯಿಗೆ ಊದಿ ಮತ್ತೆ ಸಿಕ್ಕಿಸುವುದು, ಅಡಾಪ್ಟರ್ ಕಾದಿದೆಯೇ ಎಂದು ಮುಟ್ಟಿ ನೋಡುವುದು, ಟೀವಿಯ ಬೆನ್ನಿನ ಮೇಲೆ ಅಮ್ಮ ಅಂಗೈ ಇಟ್ಟು, "ಪಿಕ್ಚರ್ ಟ್ಯೂಬು ಸುಟ್ಟ ಹೋದೀತು, ಸಾಕು ಆರಸ್ರಿ" ಎನ್ನುವುದು. ಅದರ ಮೇಲೆ ಕರೆಂಟು. ಎಂಟನೆಯ ಲೋಕದ ಬಾಗಿಲಿಗೆ ಮಾರಿಯೋ ತಲುಪಿದ ಗಳಿಗೆಗೇ ಲೋಡ್ ಶೆಡ್ಡಿಂಗ್ ಶುರುವಾಗುತ್ತಿತ್ತು. ಆಟವನ್ನು ಉಳಿಸಿಡುವ ಉಪಾಯವಿರಲಿಲ್ಲ. ಹುಡುಗರು ನಿಟ್ಟುಸಿರಿಟ್ಟು ಅಂಗಳಕ್ಕೆ ಇಳಿಯುತ್ತಿದ್ದರು, ಐದು ನಿಮಿಷಕ್ಕೆಲ್ಲ ಲಗೋರಿಯ ಕಲ್ಲು ಪೇರಿಸುತ್ತಿದ್ದರು. ಪೇಟೆಯ ವಿಡಿಯೋ ಪಾರ್ಲರಿನಲ್ಲಿ ಆಡುವವರಿಗೆ ಜೇಬಿನ ನಾಣ್ಯ ಮುಗಿದಾಗ ಆಟವೂ ಮುಗಿಯುತ್ತಿತ್ತು. ಇದನ್ನೆಲ್ಲ ನೆನೆಯುವಾಗ ಬಾಲ್ಯವನ್ನು ಬಂಗಾರದ ನೀರಿನಲ್ಲಿ ಅದ್ದುವ ಮೋಹ ಬರುತ್ತದೆ, ಅದಕ್ಕೆ ಎಡೆಕೊಡಬಾರದು. ಓದುವ ಹೊತ್ತನ್ನು ಪಾರ್ಲರಿನಲ್ಲಿ ಕಳೆದು ಪರೀಕ್ಷೆ ಕೈಬಿಟ್ಟವರು ಆಗಲೂ ಇದ್ದರು. ರಿಮೋಟು ಮುಟ್ಟುವ ಸರದಿ ಹೆಣ್ಣುಮಕ್ಕಳಿಗೆ ಬರುತ್ತಿದ್ದುದು ಅಪರೂಪ. ಆದರೂ ಆಟಕ್ಕೆ ಒಂದು ಕೊನೆ ಇತ್ತು ಎಂಬ ಮಾತು ನಿಜ.

ಆಮೇಲಿನ ಹತ್ತು ವರ್ಷಗಳ ಕಥೆ ಸಂಕ್ಷಿಪ್ತ. ನೋಕಿಯಾದ ಹಾವು ಬಂತು, ಸೈಬರ್ ಕೆಫೆಯ ಕೌಂಟರ್ ಸ್ಟ್ರೈಕ್ ಬಂತು. ಖರಾಡಿಯಲ್ಲಿ ನಾವು ನೆಲೆಯೂರಿ ಮಕ್ಕಳಾದ ಹೊತ್ತಿಗೆ ಸ್ಮಾರ್ಟ್‌ಫೋನು ಬಂದಿತ್ತು. ಮಗುವಿಗೆ ಉಣಿಸಲು ಚಂದ್ರನನ್ನು ತೋರಿಸುತ್ತಿದ್ದ ಕೈಗೆ ಪರದೆ ಬಂದದ್ದು ಆಗ. ಅದನ್ನು ಮಗುವಿನ ಮುಂದೆ ಹಿಡಿದವರು ನಾವೇ. ಇಬ್ಬರೂ ದುಡಿಯುವ ಮನೆ, ಅಮೆರಿಕದ ಹಗಲಿಗೆ ಹೊಂದಿಸಿದ ಸಂಜೆಯ ಕಾಲ್‌ಗಳು, ಅಜ್ಜ-ಅಜ್ಜಿ ನೂರಾರು ಕಿಲೋಮೀಟರ್ ಆಚೆ. ಮಗು ಸುಮ್ಮನಿದ್ದರೆ ಸಾಕಿತ್ತು. ಅಂದಿನ ಆ ಸುಮ್ಮನಿರುವಿಕೆಯ ಲೆಕ್ಕ ಇಂದು ನಮ್ಮ ಮುಂದೆ ಬಂದು ನಿಂತಿದೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಎಂಬುದು ನಲ್ಲಿಯ ನೀರಿಗಿಂತ ಅಗ್ಗವಾಯಿತು. ಟ್ಯಾಂಕರಿನ ನೀರು ಕೊಂಡು ಕುಡಿಯುವ ಖರಾಡಿಯಲ್ಲಿ ಇದು ಅಕ್ಷರಶಃ ಸತ್ಯ. 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂತು. ನೂರು ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಒಬ್ಬನೋ ಒಂದು ತಂಡವೋ ಉಳಿಯುವ ಆಟ. ಒಂದು ವರ್ಷದೊಳಗೆ ಅದು ಎಷ್ಟು ಹಬ್ಬಿತೆಂದರೆ, 2019ರ ಜನವರಿಯ 'ಪರೀಕ್ಷಾ ಪೇ ಚರ್ಚಾ'ದಲ್ಲಿ ಮಗನ ಆಟದ ಹುಚ್ಚಿನ ಬಗ್ಗೆ ತಾಯಿಯೊಬ್ಬರು ಕೇಳುತ್ತಿದ್ದಂತೆ ಪ್ರಧಾನಿಯೇ ಆ ಆಟದ ಹೆಸರೆತ್ತಿದರು. ಸಭಾಂಗಣ ನಕ್ಕಿತು. ಆ ಮಾರ್ಚಿನಲ್ಲಿ ರಾಜ್‌ಕೋಟ್ ಪೊಲೀಸರು ಅದನ್ನು ನಿಷೇಧಿಸಿದರು. ಸೆಪ್ಟೆಂಬರಿನಲ್ಲಿ ಬೆಳಗಾವಿ ಪಕ್ಕದ ಕಾಕತಿಯಿಂದ ಬಂದ ಸುದ್ದಿ ಮಾತ್ರ ಯಾರನ್ನೂ ನಗಿಸಲಿಲ್ಲ. ಮೊಬೈಲ್ ಆಟಕ್ಕೆ ಅಡ್ಡಿಬಂದ ತಂದೆಯನ್ನು ಮಗನೇ ಕೊಂದಿದ್ದ. ಖರಾಡಿಯ ನಮ್ಮ ಎಷ್ಟೋ ಮನೆಗಳಿಗೆ ಕಾಕತಿ ಎಂದರೆ ಹೆದ್ದಾರಿಯಲ್ಲಿ ಊರು ಹತ್ತಿರ ಬಂತೆಂದು ಹೇಳುವ ಫಲಕ. ಆ ವಾರ ಊರಿಗೆ ಫೋನು ಹಚ್ಚಿದವರೆಲ್ಲ ಇದನ್ನೇ ಮಾತಾಡಿದರು, ಮಾತಾಡುತ್ತ ದನಿ ತಗ್ಗಿಸಿ ಪಕ್ಕದ ಕೋಣೆಯ ಕಡೆ ನೋಡಿದರು. ಕೊಲೆಗೆ ಆಟವೊಂದೇ ಕಾರಣವಾಗಿರುವುದಿಲ್ಲ, ಮನಸ್ಸು ಅದಕ್ಕೂ ಮೊದಲೇ ಎಲ್ಲೋ ಮುರಿದಿರುತ್ತದೆ. ಆದರೆ ಆ ದಿನದಿಂದ ನಮ್ಮ ಮನೆಗಳಲ್ಲಿ 'ಸಾಕು' ಎಂಬ ಮಾತು ಹೇಳುವಾಗ ಒಂದು ಅಳುಕು ಸೇರಿಕೊಂಡಿತು. ಅಳುಕಿನಿಂದ ಹೇಳಿದ 'ಸಾಕು' ಮಗುವಿಗೆ ತಟ್ಟುವುದಿಲ್ಲ.

ಖರಾಡಿಯ ಗೋಪುರಗಳನ್ನು ಕಟ್ಟಿದವರಲ್ಲೂ ನಮ್ಮವರಿದ್ದಾರೆ ಎಂಬುದನ್ನು ಈ ಲೆಕ್ಕದಲ್ಲಿ ಬಿಡುವಂತಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಗುಳೆ ಬಂದವರು ತಗಡಿನ ಶೆಡ್ಡುಗಳಲ್ಲಿ ಇದ್ದುಕೊಂಡು ನಮ್ಮ ಮನೆಗಳ ಸ್ಲ್ಯಾಬು ಹಾಕಿದರು. ನಾವು ಬಂದ ಹೊಸತರಲ್ಲಿ ಅವರ ಮಕ್ಕಳು ಮರಳಿನ ಗುಡ್ಡೆಯ ಮೇಲಿಂದ ಜಾರುತ್ತಿದ್ದರು, ಸೆಂಟ್ರಿಂಗಿನ ಕಟ್ಟಿಗೆ ತುಂಡಿನಲ್ಲಿ ಚಿಣ್ಣಿದಾಂಡು ಆಡುತ್ತಿದ್ದರು. ಏಳನೆಯ ಮಹಡಿಯ ಗ್ರಿಲ್ಲಿಗೆ ಮುಖ ಒತ್ತಿಕೊಂಡು ನಮ್ಮ ಮಕ್ಕಳು ಅವರನ್ನು ನೋಡುತ್ತಿದ್ದರು, ಕೆಳಗೆ ಕಳಿಸಲು ನಾವು ಒಪ್ಪುತ್ತಿರಲಿಲ್ಲ. 2021ರಲ್ಲಿ ಅಂಥದೇ ಒಂದು ಶೆಡ್ಡಿನ ಹೊಸ್ತಿಲಲ್ಲಿ ನಾನು ಕಂಡದ್ದು ನಾಲ್ವರು ಹುಡುಗರು, ಒಂದು ಬಿರುಕುಬಿಟ್ಟ ಫೋನು, ಅದರಲ್ಲಿ ಫ್ರೀ ಫೈರ್. ಕಡಿಮೆ ಬೆಲೆಯ ಫೋನಿನಲ್ಲೂ ಓಡುವ ಆಟ ಎಂಬ ಕಾರಣಕ್ಕೇ ಅದು ಅಂಥ ಮಕ್ಕಳನ್ನು ಮುಟ್ಟಿತ್ತು. ಅವರ ತಾಯಂದಿರು ಆ ಹೊತ್ತಿಗೆ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಹತ್ತನೆಯ ಮಹಡಿ ಏರುತ್ತಿದ್ದರು. ಮಿತಿ ಹಾಕಬೇಕೇ ಬೇಡವೇ ಎಂದು ಚರ್ಚಿಸುವುದಕ್ಕೂ ಮನೆಯಲ್ಲಿ ಒಬ್ಬರು ಇರಬೇಕು. ಇರುವುದಕ್ಕೂ ಅನುಕೂಲ ಬೇಕು.

ಅಷ್ಟರಲ್ಲಿ ಲಾಕ್‌ಡೌನ್ ಬಂದು ಹೋಗಿತ್ತು. 2020ರ ಮಾರ್ಚ್ ಕೊನೆಯಲ್ಲಿ ಬಾಗಿಲು ಮುಚ್ಚಿದೆವು. ದೇಶದಲ್ಲೇ ಅತಿ ಹೆಚ್ಚು ಸೋಂಕು ಕಂಡ ನಗರಗಳಲ್ಲಿ ಪುಣೆಯೂ ಒಂದಾಗಿತ್ತು. ತರಗತಿಗಳು ಪರದೆಗೆ ಬಂದವು. ಬೆಳಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಪರದೆ ನೋಡು ಎಂದು ಶಾಲೆ ಹೇಳಿದ ಮೇಲೆ, ಸಂಜೆ ಪರದೆ ನೋಡಬೇಡ ಎನ್ನಲು ನಮಗೆ ಯಾವ ನೆಲೆಯೂ ಉಳಿಯಲಿಲ್ಲ. ಆ ಎರಡು ವರ್ಷಗಳ ನಷ್ಟವನ್ನು ಎಲ್ಲರೂ ಬಲ್ಲೆವು. ಲಾಭದ ಮಾತೂ ಇದೆ, ಅದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾದೀತು. ನಮ್ಮ ಮನೆಯ ಹುಡುಗನಿಗೆ ಆಗ ಹನ್ನೊಂದು. ಖರಾಡಿಯಲ್ಲೇ ಹುಟ್ಟಿದವನು, ಶಾಲೆಯಲ್ಲಿ ಇಂಗ್ಲಿಷು, ಲಿಫ್ಟಿನಲ್ಲಿ ಹಿಂದಿ, ಕೆಳಗಿನ ಅಂಗಡಿಯಲ್ಲಿ ಮರಾಠಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಎರಂಡವಣೆಯಲ್ಲಿ ಕನ್ನಡ ಸಂಘದ ಶಾಲೆಯಿದೆ, ಆದರೆ ಖರಾಡಿಗೆ ಅದು ಊರಿನ ಇನ್ನೊಂದು ತುದಿ. ಆ ವರ್ಷ ಅವನು ಹುಬ್ಬಳ್ಳಿಯ ತನ್ನ ಕಾಕಾನ ಮಗನ ಜೊತೆ ದಿನಾ ಸಂಜೆ ಪಬ್‌ಜಿ ಆಡಲು ತೊಡಗಿದ. ಕೆಲವೇ ವಾರಗಳಲ್ಲಿ ಒಳಕೋಣೆಯಿಂದ "ಏ, ಹಿಂದ ಅದಾನ ನೋಡೋ, ಮನಿಯಾಗ ಹೊಕ್ಕಾನ, ನಾ ಬರ್ತೀನಿ ತಡಿ" ಎಂಬ ದನಿ ಕೇಳಿತು. ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ಕೇಳಿದೆ. ನಮ್ಮಪ್ಪನ ಮಾತು ಅದು, ಅದೇ ಏರಿಳಿತ. ವರ್ಷಕ್ಕೆರಡು ಸಲ ಊರಿಗೆ ಕರೆದೊಯ್ದರೂ ನಾವು ಕೊಡಲಾಗದ ಮಾತನ್ನು ಒಂದು ಆಟ ಕೊಟ್ಟಿತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಅವುಗಳಲ್ಲಿ ಪಬ್‌ಜಿಯೂ ಇತ್ತು. ನಿಷೇಧಕ್ಕೆ ಕಾರಣ ದೇಶದ ಭದ್ರತೆ, ಮಕ್ಕಳ ಹಿತವಲ್ಲ. ಆದರೂ ನಮ್ಮ ಸೊಸೈಟಿಯ ಗುಂಪಿನಲ್ಲಿ ಅಂದು ಹಬ್ಬದ ಸಡಗರ, ಕೈಮುಗಿದ ಚಿತ್ರಗಳ ಸುರಿಮಳೆ. ಆಟ ನಿಂತುಹೋದ ಸಂಜೆ ಹುಡುಗ ಬಾಲ್ಕನಿಯಲ್ಲಿ ಕೂತು ಕೇಳಿದ: "ಇನ್ನ ಅಂವಗ ದಿನಾ ಫೋನ್ ಹಚ್ಚಿ ಏನಂತ ಮಾತಾಡ್ಲಿ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಟವೆಂದರೆ ಬರೀ ಗುಂಡು ಹಾರಿಸುವುದು ಎಂದುಕೊಂಡಿದ್ದವನಿಗೆ, ಮಕ್ಕಳು ಅದನ್ನು ಓಣಿಯ ಕಟ್ಟೆಯಂತೆ ಬಳಸುತ್ತಿದ್ದರೆಂದು ತಿಳಿದದ್ದು ಆ ದಿನ.

ನಂತರದ ನಿಷೇಧಗಳ ಸರಣಿ ನೆನಪಿರಬಹುದು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಿಂದ ಮರಳಿತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಹೋಯಿತು, ಜುಲೈಯಲ್ಲಿ ಬಿಜಿಎಂಐ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಒಂದು ಹೋದಾಗ ಮಕ್ಕಳು ಇನ್ನೊಂದಕ್ಕೆ ಹೊರಳಿದರು, ಆಡುವ ಹೊತ್ತು ಇಳಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು ಹಣ ಹೂಡುವ ಆಟಗಳನ್ನು ಪೂರ್ತಿ ನಿಷೇಧಿಸಿತು. ಇದು ಒಳ್ಳೆಯ ಕೆಲಸ. ಆದರೆ ಹತ್ತು ವರ್ಷದ ಮಗು ದಿನಕ್ಕೆಷ್ಟು ಹೊತ್ತು ಆಡಬೇಕೆಂಬ ಪ್ರಶ್ನೆಗೆ ಆ ಕಾಯ್ದೆ ಕೈಹಾಕುವುದಿಲ್ಲ. ಕೈಹಾಕಿದ ದೇಶಗಳಿವೆ. ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರರ ಒಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಮುಚ್ಚಿತು. ಹತ್ತು ವರ್ಷ ನೋಡಿ, ಪ್ರಯೋಜನ ಕಾಣದೆ, 2022ರ ಹೊಸ್ತಿಲಲ್ಲಿ ಆ ಕಾನೂನನ್ನು ತೆಗೆದುಹಾಕಿ ನಿರ್ಧಾರವನ್ನು ಮನೆಗಳಿಗೆ ಬಿಟ್ಟಿತು. ಚೀನಾ 2021ರ ಆಗಸ್ಟ್‌ನಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಒಂದು ಗಂಟೆ ಮಾತ್ರ ಎಂದು ಕಟ್ಟಪ್ಪಣೆ ಮಾಡಿತು. ಪ್ರಭುತ್ವ ಮಗುವಿನ ಕೋಣೆಯೊಳಗೆ ಬಂದು ಗಡಿಯಾರ ಹಿಡಿದು ನಿಲ್ಲುವುದು ನಮಗೆ ಬೇಡ. ಬೇಡವೆಂದ ಮೇಲೆ ಆ ಹೊಣೆ ಹೆತ್ತವರ ಮೇಲೆಯೇ ಬರುತ್ತದೆ.

ವೈದ್ಯರ ಮಾತು ಏನೆಂದು ನೋಡಿದರೆ, ಅವರು ನಾವು ತಿಳಿದಷ್ಟು ಗಾಬರಿಯವರೂ ಅಲ್ಲ, ಉದಾಸೀನರೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಚಟಕ್ಕಾಗಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾ ವಿಭಾಗ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ವ್ಯಸನವನ್ನು ರೋಗಗಳ ಪಟ್ಟಿಗೆ ಸೇರಿಸಿತು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಲಕ್ಷಣಗಳಲ್ಲಿ ಗಂಟೆಗಳ ಲೆಕ್ಕವಿಲ್ಲ. ಕೈತಪ್ಪಿದ ಹತೋಟಿ, ಊಟ-ನಿದ್ದೆ-ಓದಿಗಿಂತ ಆಟವೇ ಮುಂದಾಗುವುದು, ಕೆಡುಕು ಕಣ್ಣೆದುರಿದ್ದರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ವರ್ಷವಿಡೀ ಮುಂದುವರಿಯುವುದು. ಆಡುವ ಮಕ್ಕಳಲ್ಲಿ ಈ ಸ್ಥಿತಿಗೆ ಹೋಗುವವರು ಸ್ವಲ್ಪವೇ ಮಂದಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಮಾತ್ರ ಅಂಕಿಯನ್ನೂ ಕೊಟ್ಟಿದೆ: ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹದಿಹರೆಯದವರ ವಿಷಯ ಬೇರೆ. ಇಂಗ್ಲೆಂಡಿನಲ್ಲಿ ಹದಿನೈದರ ವಯಸ್ಸಿನ 1,20,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ, ಹದವಾಗಿ ಪರದೆ ಬಳಸುವವರಿಗೆ ಹೇಳಿಕೊಳ್ಳುವ ಕೇಡಿಲ್ಲ ಎಂದಿತು. ಇವನ್ನೆಲ್ಲ ಓದಿ ನಿರಾಳವಾಗುವ ಹೊತ್ತಿಗೆ 2024ರ ಜುಲೈ ಬಂತು. ಪಿಂಪ್ರಿ-ಚಿಂಚವಾಡದ ಕಿವಳೆಯಲ್ಲಿ ಹದಿನೈದರ ಬಾಲಕನೊಬ್ಬ ಜೀವ ಕಳೆದುಕೊಂಡ, ಅವನ ಕೋಣೆಯಲ್ಲಿ ಆಟದ ನಕ್ಷೆಗಳು ಸಿಕ್ಕವು. ಆ ಮಗುವಿನ ಮನಸ್ಸಿನಲ್ಲಿ ಏನಿತ್ತೆಂದು ತೀರ್ಪು ಕೊಡುವ ಹಕ್ಕು ನಮಗಿಲ್ಲ. ಪಕ್ಕದ ಗೋಡೆಯಾಚೆಗಿದ್ದ ಮಗು ದಿನದಿನಕ್ಕೆ ದೂರ ಹೋಗಬಹುದು ಎಂಬುದನ್ನು ಮಾತ್ರ ಪುಣೆಯ ಪ್ರತಿ ಮನೆ ಆ ವಾರ ಅರಿಯಿತು.

ಹಾಗಾದರೆ ನಮ್ಮ ಕಾಲದ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಹಿಂಸೆ ಕಾಂಟ್ರಾದಲ್ಲೂ ಇತ್ತು, ಚೆನ್ನೆಮಣೆಯ ಕಥೆಯಲ್ಲೂ ಇದೆ. ವ್ಯತ್ಯಾಸವಿರುವುದು ಕೊನೆಯಲ್ಲಿ. ಖರಾಡಿಯ ಮನೆಯಲ್ಲಿ ಕರೆಂಟು ಹೋಗುವುದಿಲ್ಲ, ಹೋದರೂ ಜನರೇಟರ್ ಒಂದೆರಡು ನಿಮಿಷದಲ್ಲಿ ಶುರುವಾಗುತ್ತದೆ. ನಾಣ್ಯ ಮುಗಿಯುವುದಿಲ್ಲ, ಆಟ ಉಚಿತ. ಮಳೆಗಾಲ ಮುಗಿದರೂ ಮಣೆ ಅಟ್ಟ ಸೇರುವುದಿಲ್ಲ. ಹಸಿವಾದರೆ ಬಾಗಿಲಿಗೆ ಊಟ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊನೆಯೇ ಇರದಂತೆ ಆಟವನ್ನು ಹೆಣೆದಿರುತ್ತಾರೆ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಕಡಿದುಹೋಗುತ್ತದೆ, ಋತುವಿಗೊಂದು ಹೊಸ ಪಾಸ್, ಒಳಗೇನಿದೆಯೋ ತಿಳಿಯದ ಪೆಟ್ಟಿಗೆ. ಇದನ್ನು ಹೆಣೆಯುವವರು ಎಲ್ಲೋ ದೂರದವರೂ ಅಲ್ಲ. ಯೂಬಿಸಾಫ್ಟಿನ ಸ್ಟುಡಿಯೋ 2008ರಿಂದ ಪುಣೆಯಲ್ಲಿದೆ, ಗೇಮ್ ಉದ್ಯಮದಲ್ಲಿ ಬದುಕು ಕಟ್ಟಿಕೊಂಡ ಕನ್ನಡದ ಹುಡುಗರು ನಮ್ಮ ನಡುವೆಯೇ ಇದ್ದಾರೆ. ಅದು ಗೌರವದ ದುಡಿಮೆ, ಆ ಕಲೆಗೆ ನಮ್ಮ ಮೆಚ್ಚುಗೆಯೂ ಇದೆ. ಆದರೆ ನೂರಾರು ಪಳಗಿದ ಕೈಗಳು ಸೇರಿ ಕಟ್ಟಿದ ಸೆಳೆತದ ಎದುರು ಹತ್ತು ವರ್ಷದ ಮಗುವನ್ನು ಒಂಟಿಯಾಗಿ ಕೂರಿಸಿ, ನೀನೇ ನಿಲ್ಲಿಸಿಕೊ ಎನ್ನುವುದು ನ್ಯಾಯವಲ್ಲ. ಮಕ್ಕಳು ತಾವಾಗಿ ಕಲಿಯುತ್ತಾರೆ, ಬಿಟ್ಟುಬಿಡಿ ಎನ್ನುವ ಗೆಳೆಯರಿಗೆ ನನ್ನ ಉತ್ತರ ಇದೇ. ಹಿಂದೆ ಮಳೆ, ಕತ್ತಲೆ, ಕರೆಂಟು ಮಾಡುತ್ತಿದ್ದ ಕೆಲಸವನ್ನು ಇಂದು ಮಾಡಲು ಒಬ್ಬ ಮನುಷ್ಯ ಬೇಕು. ಮಿತಿ ಬೇಕೇ ಬೇಕು.

ಆದರೆ ಯಾವ ಮಿತಿ ಎಂಬಲ್ಲಿ ನಾವು ಎಡವಿದ್ದೇವೆ, ನಾನೂ ಎಡವಿದ್ದೇನೆ. ಒಂದು ರಾತ್ರಿ ಒಂಬತ್ತಕ್ಕೆ ಸರಿಯಾಗಿ ರೂಟರಿನ ವೈರು ಎಳೆದೆ. ಹುಡುಗ ಕಿರುಚಿದ, ಹೆಡ್‌ಸೆಟ್ ಗೋಡೆಗೆ ಬಡಿದ, ಅಂದು ಉಣ್ಣಲಿಲ್ಲ. ವ್ಯಸನವೆಂದರೆ ಇದೇ ಎಂದುಕೊಂಡೆ. ಎರಡು ದಿನ ಕಳೆದು ಪಕ್ಕದಲ್ಲಿ ಕೂತು ಕೇಳಿದಾಗ ವಿಷಯ ತಿಳಿಯಿತು. ನಾಲ್ವರ ತಂಡ, ಒಂದು ಪಂದ್ಯ ಅರ್ಧ ಗಂಟೆಯ ಸನಿಹ ಹೋಗುತ್ತದೆ, ಕೊನೆಯ ಐದು ನಿಮಿಷವಿತ್ತು. ನಡುವೆ ಮಾಯವಾದವನನ್ನು ಉಳಿದ ಮೂವರು ಮರುದಿನ ಕರೆಯುವುದಿಲ್ಲ. ಕಬಡ್ಡಿಯಲ್ಲಿ ರೈಡಿಗೆ ಹೋದ ಹುಡುಗನನ್ನು ರಟ್ಟೆ ಹಿಡಿದು ಎಳೆದಂತೆ ನಾನು ಮಾಡಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ನಿಮಿಷದ ಲೆಕ್ಕ ಹೋಗಿ ಪಂದ್ಯದ ಲೆಕ್ಕ ಬಂತು: ಶಾಲೆಯ ದಿನ ಒಂದು, ರಜೆಯ ದಿನ ಮೂರು, ಮೂರನೆಯದಾದ ಮೇಲೆ ಅವನೇ ಫೋನು ತಂದು ಮೇಜಿನ ಮೇಲೆ ಇಡಬೇಕು. ಆಟ ನಡೆಯುವುದು ಹಜಾರದಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಲ್ಲ. ಮೊದಲ ತಿಂಗಳು ದಿನಾ ಜಗಳ. ಆಮೇಲೆ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಈ ಕ್ರಮದ ಬೆಲೆಯೂ ಇದೆ. ಪಂದ್ಯ ಮುಗಿಯುವಾಗ ಅಲ್ಲಿ ಯಾರಾದರೂ ಹಿರಿಯರು ಇರಬೇಕಾಗುತ್ತದೆ, ಲ್ಯಾಪ್‌ಟಾಪು ಮುಚ್ಚಿ. ಇಂಥ ಎಷ್ಟೋ ಸಂಜೆಗಳಲ್ಲಿ ನಾನು ಕಾಲ್‌ನಲ್ಲಿದ್ದೆ, ಅವನು ನಾಲ್ಕನೆಯ ಪಂದ್ಯಕ್ಕೆ ಇಳಿದಿದ್ದ. ಅಂಥ ದಿನ ತಪ್ಪು ಅವನದೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇನ್ನು ಹೊರಗಿನ ಮಾತು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ ನಲವತ್ತು ನಿಮಿಷ ಹೆಚ್ಚಾಗಿ ಮಕ್ಕಳನ್ನು ಬಯಲಿಗೆ ಬಿಟ್ಟರು. ಎಂದಿನಂತೆ ನಡೆದ ಶಾಲೆಗಳಲ್ಲಿ ಸುಮಾರು ನೂರಕ್ಕೆ 40 ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಹೊರಗೆ ಬಿಟ್ಟ ಶಾಲೆಗಳಲ್ಲಿ ಅದು 30. ಹೊರಗೆ ಕಳೆದ ಹೊತ್ತೇ ಕಣ್ಣಿಗೆ ಔಷಧವಾಗಿ ಕೆಲಸ ಮಾಡಿತ್ತು. ನಮ್ಮ ಕಟ್ಟಡದಲ್ಲಿ ಎಂಟನೆಯ ವಯಸ್ಸಿಗೇ ಕನ್ನಡಕ ಏರಿಸಿದ ಮಕ್ಕಳನ್ನು ಲಿಫ್ಟಿನಲ್ಲಿ ನೋಡುವಾಗಲೆಲ್ಲ ಆ ನಲವತ್ತು ನಿಮಿಷ ನೆನಪಾಗುತ್ತದೆ. ಒಳಗೆ ಮಿತಿ ಹಾಕಿ ಮಗುವನ್ನು ಕೆಳಗೆ ಕಳಿಸಿದರೆ ಅಲ್ಲಿ ಏನಿದೆ? ಪುಸ್ತಿಕೆಯ ಹಸಿರು ಹುಲ್ಲು ನಮ್ಮಲ್ಲಿ ಮೂರು ವರ್ಷ ಇತ್ತು. ಆಮೇಲೆ ಎರಡನೆಯ ಕಾರುಗಳು ಬಂದವು, ಅರ್ಧ ಅಂಗಳ ಪಾರ್ಕಿಂಗ್ ಆಯಿತು. ಉಳಿದರ್ಧಕ್ಕೆ ಚೆಂಡಾಟ ನಿಷೇಧಿಸಲಾಗಿದೆ ಎಂಬ ಫಲಕ ಬಂತು, ಏಕೆಂದರೆ ಒಮ್ಮೆ ಒಂದು ಕಾರಿನ ಗಾಜು ಒಡೆದಿತ್ತು. ಗೇಟಿನಾಚೆ ಟ್ಯಾಂಕರುಗಳ ಸಾಲು, ಹೊಸ ಕಟ್ಟಡಗಳ ಧೂಳು, ಪಾದಚಾರಿ ದಾರಿ ಇಲ್ಲದ ರಸ್ತೆ. ಬ್ಯಾಡ್ಮಿಂಟನ್ನಿಗೆ ಒಂದು ಕಾಲದಲ್ಲಿ 'ಪೂನಾ' ಎಂದೇ ಹೆಸರಿತ್ತು. ಆ ಆಟಕ್ಕೆ ತನ್ನ ಹೆಸರು ಕೊಟ್ಟ ಊರಿನ ನಮ್ಮ ಮೂಲೆಯಲ್ಲಿ ಮಗುವೊಂದು ಶಟಲ್ ಹೊಡೆಯಬೇಕೆಂದರೆ ಗಂಟೆಗಿಷ್ಟು ಎಂದು ಕೊಟ್ಟು ಕೋರ್ಟು ಕಾಯ್ದಿರಿಸಬೇಕು. ತಗಡಿನ ಶೆಡ್ಡಿನ ಮಗುವಿಗೆ ಅದೂ ಇಲ್ಲ, ಮರಳಿನ ಗುಡ್ಡೆಯೂ ಈಗ ಇಲ್ಲ, ಕಾಂಕ್ರೀಟು ಲಾರಿಯಲ್ಲೇ ಕಲಸಿ ಬರುತ್ತದೆ.

ಹದಿನೈದು ವರ್ಷಗಳಲ್ಲಿ ನಾವು ಗಳಿಸಿದ್ದು ಕಡಿಮೆಯಲ್ಲ. ಸ್ವಂತ ಮನೆ, ಮಕ್ಕಳಿಗೆ ಒಳ್ಳೆಯ ಶಾಲೆ, ಊರಿಗೆ ಹೋಗಲು 2024ರಿಂದ ಹುಬ್ಬಳ್ಳಿಗೆ ವಂದೇ ಭಾರತ್ ರೈಲು. ಅಂದಿನ ಹನ್ನೊಂದರ ಹುಡುಗ ಈಗ ಹದಿನಾರು ದಾಟಿದ್ದಾನೆ, ಅವನ ಕನ್ನಡ ಇಂದಿಗೂ ಆ ಎರಡು ವರ್ಷಗಳ ಕನ್ನಡವೇ. ಅವನಿಗಿಂತ ಚಿಕ್ಕವರ ಸಾಲು ಹಿಂದೆ ಇದೆ. ಅವರಿಗಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಸೊಸೈಟಿಯ ಮುಂದಿನ ಸಭೆಯ ವಿಷಯಪಟ್ಟಿಗೆ ಒಂದು ಸಾಲು ಸೇರಿಸಿ: ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಅಂಗಳದಲ್ಲಿ ಕಾರು ನಿಲ್ಲಿಸುವಂತಿಲ್ಲ, ಚೆಂಡಾಟದ ಫಲಕ ತೆಗೆಯತಕ್ಕದ್ದು, ಒಡೆದ ಗಾಜಿನ ಖರ್ಚು ಸೊಸೈಟಿಯದು, ಪಕ್ಕದ ಶೆಡ್ಡಿನ ಮಕ್ಕಳಿಗೂ ಆ ಹೊತ್ತಿಗೆ ಗೇಟು ತೆರೆದಿರಬೇಕು. ನಮ್ಮ ಸೊಸೈಟಿಯ ಸಭೆ ಬರುವ ತಿಂಗಳ ಮೊದಲ ಭಾನುವಾರವಿದೆ. ಈ ಸಾಲನ್ನು ಬರೆದು ಕಾರ್ಯದರ್ಶಿಗೆ ಕೊಟ್ಟಾಗಿದೆ.